ಸೋರುವ ಬಿಂದಿಗೆ ಮತ್ತು ಹಿತ್ತಲಿನ ಸೌತೆ

ತುಂಬ ಹಿಂದೆ, ಎಷ್ಟು ಹಿಂದೆ ಎಂದು ಹೇಳಬಲ್ಲವರು ಯಾರೂ ಉಳಿದಿಲ್ಲ, ಬಳ್ಳಿಕೋಟೆ ಎಂಬ ರಾಜ್ಯವಿತ್ತು. ಅಲ್ಲೊಬ್ಬ ರಾಜನಿದ್ದ. ಉಣ್ಣುವುದು, ತೂಕಡಿಸುವುದು, ತಲೆಯಾಡಿಸುವುದು ಅವನ ರಾಜಕಾರ್ಯ. ಉಳಿದದ್ದನ್ನೆಲ್ಲ ಅವನ ಬಲಕ್ಕೆ ಕೂತ ಮಾಂತ್ರಿಕ ಧೂಮಕಂಠ ನೋಡಿಕೊಳ್ಳುತ್ತಿದ್ದ.

ಒಂದು ದಿನ ಧೂಮಕಂಠ ತುಂಬಿದ ಸಭೆಯಲ್ಲಿ ಗಾಳಿಗೆ ಕೈಚಾಚಿ ಒಂದು ಸೌತೆಕಾಯಿ ತೆಗೆದ. ಸಭೆ ಚಪ್ಪಾಳೆ ತಟ್ಟಿತು. ಅರಮನೆಯ ಅಡುಗೆಯವ ಕೆಂಚ ಒಂದು ಹೋಳು ಬಾಯಿಗೆ ಹಾಕಿಕೊಂಡು, "ಕಹಿ" ಎಂದ. ಮರುಕ್ಷಣ ತಾಮ್ರದ ಬಿಂದಿಗೆಯಾದ.

ಸುದ್ದಿ ಕೇಳಿ ಅವನ ಅಕ್ಕ ಹೊನ್ನಾಜಿ ಬಂದಳು. ಅಳಲಿಲ್ಲ.

"ನನ್ನ ತಮ್ಮನನ್ನು ಕೊಡಿ."

"ನನ್ನ ಕಾಯಿ ಕಹಿಯಂತೆ. ಕಹಿಯಿಲ್ಲದ್ದನ್ನು ನೀನು ಬೆಳೆದು ತಾ," ಎಂದ ಧೂಮಕಂಠ. "ಎರಡು ತಿಂಗಳು ಕೊಟ್ಟೆ. ತೊಟ್ಟು ಕೊಯ್ದು, ಉಜ್ಜಿ, ನೊರೆ ಬರಿಸಿ ಕಹಿ ತೆಗೆಯುವ ಆಟ ನಡೆಯದು. ಇದ್ದ ಹಾಗೆಯೇ ತಿಂದು ನೋಡುತ್ತೇನೆ. ಕಹಿಯಿದ್ದರೆ ನೀನೂ ಬಿಂದಿಗೆ."

"ಇಲ್ಲದಿದ್ದರೆ?"

"ಅವನು ಮನುಷ್ಯ, ನಾನು ಬಿಂದಿಗೆ." ಧೂಮಕಂಠ ನಕ್ಕ. ಸಭೆಯೂ ನಕ್ಕಿತು. ತೀರ್ಪು ರಾಜನದೆಂದು ನಿಶ್ಚಯವಾಯಿತು. ರಾಜ ತಲೆಯಾಡಿಸಿದ. ಮಾಯೆಯ ಪಂದ್ಯವನ್ನು ಒಮ್ಮೆ ಕಟ್ಟಿದರೆ ಕಟ್ಟಿದವನೂ ಬಿಚ್ಚಲಾರ.

ಹೊನ್ನಾಜಿ ಬಿಂದಿಗೆಯನ್ನು ಸೊಂಟಕ್ಕೇರಿಸಿ ಮನೆಗೆ ಬಂದು ಹಿತ್ತಲಲ್ಲಿ ಬೀಜ ಊರಿದಳು. ನೀರು ಒಂದು ದಿನ ತಪ್ಪಿದರೆ ಸೌತೆ ಕಹಿ. ಹೆಚ್ಚಾದರೆ ಬುಡ ಕೊಳೆತು ಬಳ್ಳಿಯೇ ಇಲ್ಲ. ಇದು ಅವಳಿಗೆ ಗೊತ್ತಿತ್ತು. ಮಂತ್ರ ಒಂದೂ ಗೊತ್ತಿರಲಿಲ್ಲ. ದಿನಕ್ಕೆರಡು ಹೊತ್ತು ತಮ್ಮನಲ್ಲೇ ನೀರು ತುಂಬಿ ಪಾತಿಗೆ ಸುರಿದಳು.

"ಅಕ್ಕಾ, ಮೆಲ್ಲಗೆ ಇಳಿಸೇ. ಸೊಂಟ ನೆಗ್ಗಿತು," ಎನ್ನುತ್ತಿತ್ತು ಬಿಂದಿಗೆ.

"ನೆಗ್ಗಲಿ. ಸಭೆಯಲ್ಲಿ ಬಾಯಿ ಮುಚ್ಚಿಕೊಂಡಿರೋಕೆ ಏನಾಗಿತ್ತು ನಿನಗೆ?"

"ಕಹಿ ಇತ್ತಲ್ಲೇ."

ಅವಳು ಅವನನ್ನು ಮತ್ತೆ ಬಾವಿಗೆ ಇಳಿಸಿದಳು.

ಬಳ್ಳಿ ಚಪ್ಪರ ಹತ್ತಿದ ದಿನ ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಧೂಮಕಂಠ ಕಳಿಸಿದ ಏಳು ಹೆಡೆಯ ಸರ್ಪ ಸುತ್ತಿಕೊಂಡು ಕೂತಿತ್ತು.

"ಮುಂದೆ ಬಂದರೆ ನುಂಗುತ್ತೇನೆ."

"ನುಂಗು. ಆಮೇಲೆ ಬಳ್ಳಿಗೆ ನೀರು ನೀನೇ ಹಾಕಬೇಕು. ಎರಡು ಹೊತ್ತು. ಬುಡಕ್ಕೆ, ಎಲೆಯ ಮೇಲೆ ಬೀಳಬಾರದು. ಹಗ್ಗ ಹೇಗೆ ಜಗ್ಗುತ್ತೀಯ?"

ಸರ್ಪ ಏಳು ತಲೆಗಳಿಂದ ಯೋಚಿಸಿತು. ಕೈ ಒಂದೂ ಇರಲಿಲ್ಲ. ಸರಿದು ದಾರಿ ಬಿಟ್ಟಿತು.

ಬಳ್ಳಿ ಹೂ ಬಿಟ್ಟ ದಿನ ಅವಳ ಹಿತ್ತಲಿನ ಮೇಲೆ ಮಾತ್ರ ಒಂದು ಮೋಡ ಬಂದು ನಿಂತಿತು.

"ದಣಿದಿದ್ದೀಯಮ್ಮ. ಒಳಗೆ ಹೋಗಿ ಮಲಗು. ಇನ್ನು ನೀರು ನಾನು ಹಾಕುತ್ತೇನೆ," ಎಂದು ಮಮತೆಯಿಂದ ಹೇಳಿ ಕೊಡಗಟ್ಟಲೆ ಸುರಿಯತೊಡಗಿತು.

ಹೊನ್ನಾಜಿ ಗುದ್ದಲಿ ಹಿಡಿದಳು. ಪಾತಿಯ ಅಂಚು ಒಡೆದು ಬೀದಿಯವರೆಗೆ ಕಾಲುವೆ ತೋಡಿದಳು. ಮೋಡ ಸುರಿದಷ್ಟೂ ನೀರು ಹೊರಗೆ ಹರಿಯಿತು. ಅಂಗೈಯಲ್ಲಿ ಬೊಬ್ಬೆ ಎದ್ದವು. ಮೂರನೆಯ ದಿನ ಮೋಡದಲ್ಲಿ ನೀರು ಮುಗಿಯಿತು, ಮಮತೆಯೂ ಮುಗಿಯಿತು.

ಬಳ್ಳಿಯಲ್ಲಿ ಒಂದೇ ಒಂದು ಹೀಚು ನಿಂತ ದಿನ ಅರಮನೆಯ ಭಟರು ಬಂದರು. ಹೊನ್ನಾಜಿ ಎರಡು ದಿನ ಅರಮನೆಯಲ್ಲೇ ಇರಬೇಕೆಂದು ಅಪ್ಪಣೆ. ಕಾರಣ ಬರೆದಿರಲಿಲ್ಲ. ಅಷ್ಟೇ ಅಲ್ಲ, ಬಿಂದಿಗೆಯ ತಳದಲ್ಲಿ ಸೂಜಿಯಷ್ಟು ದಪ್ಪದ ತೂತು ಬಿದ್ದಿತ್ತು.

"ಅಕ್ಕಾ, ಸೋರುತ್ತಾ ಇದ್ದೀನಿ," ಎಂದ ಕೆಂಚ.

ಹೊನ್ನಾಜಿ ತೂತನ್ನು ನೋಡಿದಳು. ಬಳ್ಳಿಯ ಬುಡ ನೋಡಿದಳು. ಸೆರಗಿನ ಅಂಚು ಹರಿದು ಬತ್ತಿ ಹೊಸೆದು ತೂತಿಗೆ ತುರುಕಿದಳು. ಬಿಂದಿಗೆಯನ್ನು ತುಂಬಿ ಪಾತಿಯಲ್ಲಿ ಎರಡು ಕಲ್ಲಿನ ಮೇಲೆ ಕೂರಿಸಿದಳು. ಹನಿ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಬಿತ್ತು.

"ನಾನೊಬ್ಬನೇನಾ ಇಲ್ಲಿ?"

"ಸೋರುತ್ತಾ ಇರು. ಬೇರೆ ಏನೂ ಮಾಡಬೇಡ."

ಎರಡು ದಿನ ಕೆಂಚ ಅಕ್ಕ ಹೇಳಿದ ಹಾಗೆ ಮಾಡಿದ. ಅವಳು ಮರಳಿ ಬಂದಾಗ ಬಿಂದಿಗೆಯಲ್ಲಿ ಬೊಗಸೆ ನೀರಿತ್ತು. ಪಾತಿ ತೇವವಾಗಿತ್ತು.

ಗಡುವಿನ ದಿನ ಅವಳು ಬಿಂದಿಗೆಯನ್ನೂ ತಟ್ಟೆಯಲ್ಲಿ ಗೇಣುದ್ದದ ಸೌತೆಕಾಯಿಯನ್ನೂ ರಾಜನ ಮುಂದಿಟ್ಟಳು. ಧೂಮಕಂಠ ಒಂದು ತುದಿ ಕಚ್ಚಿದ. ಅಗಿದ. ಮತ್ತೆ ಕಚ್ಚಿದ. ಸಭೆ ಕಾಯುತ್ತಿತ್ತು. ಕಾಯಿ ಮುಗಿಯಿತು. ತೊಟ್ಟನ್ನೂ ನುಂಗಿ, ಬೆರಳು ನೆಕ್ಕಿ, "ಕಹಿ" ಎಂದ.

ಸಭೆ ಚಪ್ಪಾಳೆ ತಟ್ಟಿತು, ಅಭ್ಯಾಸಬಲ.

"ಮಹಾಪ್ರಭು, ಇವರು ತಮಗೊಂದು ಚೂರಾದರೂ ಉಳಿಸಿದರೇ?" ಎಂದು ಕೇಳಿದಳು ಹೊನ್ನಾಜಿ.

ರಾಜ ಕಣ್ಣು ಬಿಟ್ಟ. ತಿನ್ನುವ ವಿಷಯದಲ್ಲಿ ಮಾತ್ರ ಅವನಿಗೆ ಎಚ್ಚರವಿತ್ತು. ಖಾಲಿ ತಟ್ಟೆ ನೋಡಿದ.

"ಇಲ್ಲವಲ್ಲ."

"ಕಹಿ ಸೌತೆಯನ್ನು ಯಾರಾದರೂ ತೊಟ್ಟಿನತನಕ ತಿನ್ನುತ್ತಾರೆಯೇ, ಪ್ರಭು?"

ರಾಜ ಯೋಚಿಸಿದ. ಹಾಗೆ ಮಾಡಿದ್ದು ಅವನಿಗೆ ಅದೇ ಮೊದಲು.

"ನಾನಂತೂ ಮೊದಲ ಕಡಿತಕ್ಕೇ ಉಗುಳುತ್ತಿದ್ದೆ," ಎಂದ. "ಅದು ಕಹಿಯಿರಲಿಲ್ಲ."

ಧೂಮಕಂಠ ಬಾಯಿ ತೆರೆದ. ಬಾಯಿ ದುಂಡಗಾಯಿತು, ಕಂಠ ಸಣ್ಣದಾಯಿತು, ಹೊಟ್ಟೆ ಉಬ್ಬಿ ತಾಮ್ರವಾಯಿತು. ಅವನ ಪಕ್ಕದಲ್ಲಿ ಕೆಂಚ ಸೊಂಟ ಉಜ್ಜಿಕೊಳ್ಳುತ್ತ ಎದ್ದು ನಿಂತ.

ಅಂದಿನಿಂದ ರಾಜ ತಲೆಯಾಡಿಸುವ ಮುಂಚೆ ರುಚಿ ನೋಡತೊಡಗಿದ. ರಾಜ್ಯಕ್ಕೆ ಅಷ್ಟೇ ಸಾಕಾಯಿತು. ಕೆಂಚನ ಎಡ ಹಿಮ್ಮಡಿಯಲ್ಲಿ ಸೂಜಿಯಷ್ಟು ತೂತು ಉಳಿಯಿತು. ಅವನು ನಡೆದಲ್ಲೆಲ್ಲ ನೆಲ ಒದ್ದೆಯಾಗುತ್ತಿದ್ದುದರಿಂದ ಹೊನ್ನಾಜಿ ಅವನನ್ನು ಹಿತ್ತಲಲ್ಲೇ ಓಡಾಡಲು ಹೇಳಿದಳು. ಎಲ್ಲರೂ ಸುಖವಾಗಿದ್ದರು. ಹೊಸ ಬಿಂದಿಗೆಯೊಂದು ಮಾತ್ರ ದಿನಕ್ಕೆರಡು ಹೊತ್ತು ಏನೋ ಹೇಳುತ್ತಿತ್ತು. ಹೊನ್ನಾಜಿ ಅದನ್ನು ಬಾವಿಗೆ ಇಳಿಸುತ್ತಿದ್ದಳು.