ಬಾಯಿ ಬಿಡಬಾರದ ಓಣಿ

"ಈ ಓಣಿ ದಾಟೋವರೆಗೂ ನುಂಗಬೇಡ ಕಣಪ್ಪ. ನೀರು ಬಾಯಲ್ಲೇ ಇರಲಿ," ಎಂದು ಹಳೆಯ ಗೈಡಮ್ಮ ಬಾಟಲಿ ಮುಂದೆ ಹಿಡಿದಳು.

ಹೊಸ ಗೈಡು ಅದನ್ನು ಗಟಗಟ ಕುಡಿದು ಮೀಸೆ ಒರೆಸಿಕೊಂಡ. "ಒಳ್ಳೇದಾಯ್ತು, ಬಾಯಾರಿಕೆಯಾಗಿತ್ತು."

ಹಿಂದಿದ್ದ ಪ್ರವಾಸಿಗರು ಕಿಸಕ್ಕನೆ ನಕ್ಕರು. ಗೈಡಮ್ಮ ನಗಲಿಲ್ಲ. ಊರಿನ ಹಳೇ ಮನೆಗಳ ಮುಂದಿನ ಸ್ಮಾರಕ ಫಲಕಗಳನ್ನು ತೋರಿಸುತ್ತ ನಡೆಯುವ ಕೆಲಸವನ್ನು ಅವಳು ಇಂದು ಅವನಿಗೆ ಒಪ್ಪಿಸಿ ಹೋಗುವವಳಿದ್ದಳು. ಹೊರಗಿನಿಂದ ಬಂದ ಈ ಬಾಯಿಬಡುಕನನ್ನು ಕಂಡರೆ ಅವಳಿಗೆ ಅಷ್ಟಕ್ಕಷ್ಟೇ. ಊರಿಗೂ ಅಷ್ಟೇ. ಬೆಳಗಿನಿಂದ ಅವನು ನಿಂತ ಕಡೆಯಲ್ಲೆಲ್ಲ ಕಿಟಕಿಗಳು ದಡಾರನೆ ಮುಚ್ಚಿಕೊಂಡಿದ್ದವು.

ಅದಕ್ಕೆಲ್ಲ ಜಗ್ಗುವ ಆಸಾಮಿ ಅವನಲ್ಲ. ಕಂಚಿನ ಕಂಠ ಅವನದು, ನೌಕರಿ ಸಿಕ್ಕಿದ್ದೇ ಅದರಿಂದ. ಮಗ ಮಾತಾಡುವುದನ್ನು ಕೇಳಬೇಕೆಂದು ಹಟ ಹಿಡಿದು ತಾಯಿಯೂ ಬಂದಿದ್ದಳು. ಅವಳಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಮಗನ ದನಿಯ ಜಾಡು ಹಿಡಿದು, ಕೋಲೂರುತ್ತ ಎಲ್ಲರ ಹಿಂದೆ ಬರುತ್ತಿದ್ದಳು. ಅವನಿಗೆ ತನ್ನವರು ಅಂತ ಇದ್ದವಳು ಅವಳೊಬ್ಬಳೇ.

"ತಮಾಷೆ ಅಲ್ಲ ಇದು," ಗೈಡಮ್ಮ ದನಿ ತಗ್ಗಿಸಿದಳು. "ಮಾಟ ಮಾಡ್ತಾಳೆ ಅಂತ ಒಬ್ಬಳ ನಾಲಿಗೆ ಕತ್ತರಿಸಿ, ಈ ಓಣಿಯ ಒಂದು ಮನೇಲಿ ಕೂಡಿಹಾಕಿ ಸಾಯಿಸಿದ್ರು ನಮ್ಮೋರು. ಸಾಯೋ ಮುಂಚೆ ಅವಳು ಬಾಗಿಲ ಪಕ್ಕದ ಕಲ್ಲಲ್ಲಿ ತನ್ನ ಹೆಸರು ಕೆತ್ತಿಟ್ಳು. ಅದನ್ನ ಅಲ್ಲಿ ನಿಂತು ಓದಿದೋರ ದನಿ ಅವಳದಾಗುತ್ತೆ. ಆ ದನೀಲಿ ಅವರ ಮನೆಯವರನ್ನೇ ಒಳಗೆ ಕರ್ಕೋತಾಳೆ. ಫಲಕ ಕಂಡ್ರೆ ಓದೋದು ನಮ್ಮ ಬಾಯಿಗೆ ಚಾಳಿ. ಅದಕ್ಕೇ ಈ ನೀರು."

"ಆಯಮ್ಮನೂ ನಾಲ್ಕು ದಿನ ಗೈಡ್ ಆಗ್ಲಿ ಬಿಡಿ! ನನಗೂ ರಜೆ ಸಿಗುತ್ತೆ."

ಗೈಡಮ್ಮ ಬಾಯಿ ತುಂಬ ನೀರು ತುಂಬಿಕೊಂಡು ಮಾತು ಮುಗಿಸಿದಳು. ಪ್ರವಾಸಿಗರೂ ಮೋಜಿಗೆಂದು ಕೆನ್ನೆ ಉಬ್ಬಿಸಿದರು.

ಓಣಿಯೊಳಗೆ ಮಟಮಟ ಮಧ್ಯಾಹ್ನವೂ ಕತ್ತಲು. ಎರಡೂ ಬದಿಯ ಮನೆಗಳ ಸೂರುಗಳು ಒಂದಕ್ಕೊಂದು ತಾಗಿ ಆಕಾಶವನ್ನೇ ಮುಚ್ಚಿದ್ದವು. ಪಾಚಿಯ ಕಮಟು, ಬಾವಲಿ ಹಿಕ್ಕೆಯ ಘಾಟು, ಅದರಡಿಯಲ್ಲಿ ಎಲ್ಲೋ ಕೊಳೆತ ಮಾಂಸದ ವಾಸನೆ. ಎದುರು ಬಂದ ಅಂಚೆಯವನ ಕೆನ್ನೆಗಳು ಉಬ್ಬಿದ್ದವು. ಜಗಲಿಯಲ್ಲಿ ಕುಳಿತ ಬೀಗ ರಿಪೇರಿಯವನವೂ. ಇಬ್ಬರೂ ಹೊಸ ಗೈಡನ್ನು ದುರುಗುಟ್ಟಿಕೊಂಡು ನೋಡಿದರು.

ಆ ಮನೆಯ ಬಾಗಿಲು ಅರ್ಧ ತೆರೆದಿತ್ತು. ಅವನು ಕಲ್ಲಿನ ಪಾಚಿಯನ್ನು ಅಂಗೈಯಲ್ಲಿ ಒರೆಸಿ, ಗಂಟಲು ಸರಿಮಾಡಿಕೊಂಡು, ಹೆಸರನ್ನು ಓಣಿಯೆಲ್ಲ ಕೇಳುವಂತೆ ಓದಿದ.

ಒದ್ದೆ ಬೆರಳುಗಳು ಬಾಯೊಳಗೆ ಇಳಿದವು. ಕಾಣದ ಬೆರಳುಗಳು. ನಾಲಿಗೆಯ ಬುಡ ತಡವಿದವು. ಹಿಂಡಿದವು. ಕಿರುಚಿದ. ಸದ್ದಿಲ್ಲ. ಮತ್ತೆ ಕಿರುಚಿದ. ಬರೀ ಗಾಳಿ. ಮೈಯ ಬಿಸಿಯೆಲ್ಲ ಇಳಿದುಹೋಗಿ ಕೈಗಳು ಹೆಣದ ಕೈಗಳಂತೆ ತಣ್ಣಗಾದವು.

ಮನೆಯೊಳಗೆ ಯಾರೋ ಗಂಟಲು ಸರಿಮಾಡಿಕೊಂಡರು.

"ಅಮ್ಮಾ, ಹಿಂದೆ ಉಳಿದ್ಬಿಟ್ಯಾ? ಇಲ್ಲಿದೀನಿ, ಬಾ."

ಅವನದೇ ಕಂಠ. ಪ್ರವಾಸಿಗರು ನೀರು ಉಗುಳಿ ಬಿದ್ದಂಬೀಳ ಓಡಿದರು.

ತಾಯಿಯ ಮುಖ ಅರಳಿತು. "ಬಂದೆ ಕಣೋ. ಎಷ್ಟು ಬೇಗ ನಡೀತೀಯಪ್ಪಾ!" ಕೋಲು ಬಾಗಿಲ ಕಡೆ ತಿರುಗಿತು.

ಅವನು ಧಾವಿಸಿ ಅವಳ ಕೈ ಹಿಡಿದ. ಅವಳು ಬೆಚ್ಚಿಬಿದ್ದಳು. "ಥೂ, ಯಾವನೋ ನೀನು? ಎಷ್ಟು ತಣ್ಣಗಿದೆ ಕೈ! ಬಿಡೋ! ಮಗನೇ, ಯಾರೋ ಎಳೀತಾ ಇದಾನೆ ನೋಡೋ!"

"ಯಾವನೋ ಪೋಲಿ ಇರ್ಬೇಕಮ್ಮ. ಕೋಲಲ್ಲಿ ಎರಡು ಬಿಡು," ಎಂದಿತು ಒಳಗಿನ ದನಿ.

ಅವಳು ಬೀಸಿ ಹೊಡೆದಳು. ಹಣೆ ಒಡೆದು ಅವನು ಉರುಳಿದ. ಬಿದ್ದಲ್ಲಿಂದಲೇ ಗೈಡಮ್ಮನಿಗೆ ಕೈ ಮುಗಿದ. 'ಅದು ನಿಮ್ಮ ಮಗ ಅಲ್ಲ' ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಅವಳ ಕೆನ್ನೆಗಳು ಉಬ್ಬಿಕೊಂಡೇ ಇದ್ದವು. ಅಂಚೆಯವನು ಮುಖ ತಿರುಗಿಸಿದ. ಬೀಗ ರಿಪೇರಿಯವನು ಕುಳಿತಲ್ಲಿಂದ ಕದಲಲಿಲ್ಲ. ಊರಿನವರಲ್ಲಿ ಯಾರೊಬ್ಬರೂ ನೀರು ಉಗುಳಲಿಲ್ಲ.

ತಾಯಿ ಹೊಸಿಲು ದಾಟಿದಳು. ಬಾಗಿಲು ಮುಚ್ಚಿತು.

ಅವನು ಗುದ್ದಿದ. ಒದ್ದ. ಉಗುರು ಕಿತ್ತುಬರುವಂತೆ ಪರಚಿದ. ಬಾಗಿಲು ಮಿಸುಕಲಿಲ್ಲ.

ಒಳಗೆ ಕೋಲಿನ ಸದ್ದು ನಿಂತಿತು.

"ಎಲ್ಲಿದೀಯೋ ಮಗನೇ? ಯಾಕೋ ಸುಮ್ಮನಾದೆ? ನಂಗೆ ಹೆದರಿಕೆ ಆಗ್ತಿದೆ ಕಣೋ. ಒಂದೇ ಒಂದು ಸಲ ಮಾತಾಡೋ."