ಕಮಲಾಬಾಯಿ ತೀರಿಕೊಂಡ ಶುಕ್ರವಾರ

ತಾನು ಸತ್ತಿದ್ದೇನೆಂದು ತಾನೇ ದೂರು ಕೊಡಲು ಬಂದವರನ್ನು ನನ್ನ ಪೊಲೀಸ್ ಕೆಲಸದಲ್ಲಿ ಅವತ್ತೇ ಮೊದಲು ನೋಡಿದ್ದು.

"ರೇಣು ಮೇಡಂ, ಮುಂಜಾನಿಂದ ಊರೆಲ್ಲಾ ನನಗ ಓಂ ಶಾಂತಿ ಅನ್ನಲಿಕ್ಕೆ ಹತ್ತೇದ. ನಾ ಇನ್ನೂ ಚಹಾ ಸುದ್ದಾ ಕುಡದಿಲ್ಲ" ಎಂದರು ಹೂಲಿಯ ಕಮಲಾಬಾಯಿ.

ನಿವೃತ್ತ ಶಿಕ್ಷಕಿ. ಗಂಡ ತೀರಿ ವರ್ಷಗಳಾದರೂ ಹಣೆ ತುಂಬ ಕುಂಕುಮ. ಫೋನ್ ಮುಂದಿಟ್ಟರು. ಅವರದೇ ಫೋಟೋ, ಸುತ್ತ ಹೂಮಾಲೆ, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ಸವದತ್ತಿಯಿಂದ ಬೈಲಹೊಂಗಲದವರೆಗೆ ಎಲ್ಲರ ಸ್ಟೇಟಸ್ಸಿನಲ್ಲೂ ಅದೇ. ಮನೆಗೆ ಹೋಗಿ ಖರೇ ಏನ್ರಿ ಎಂದು ಕೇಳಿದವರು ಒಬ್ಬರೂ ಇಲ್ಲ. ಕೈಮುಗಿದ ಚಿತ್ರ ಒತ್ತಲು ಮಾತ್ರ ಎಲ್ಲರಿಗೂ ಪುರಸೊತ್ತು. ನನಗೆ ಮೈ ಉರಿಯಿತು.

ಅವರ ಚಿಂತೆ ಸಾವಿನದಲ್ಲ. ಅವತ್ತು ಮಧ್ಯಾಹ್ನ ಅವರ ಮನೆಯಲ್ಲಿ ಅರಿಶಿಣ-ಕುಂಕುಮ. ಕರೆದದ್ದು ಗಂಡನಿಲ್ಲದ ಹೆಂಗಸರನ್ನು. ಇಪ್ಪತ್ತರ ವಯಸ್ಸಿನಲ್ಲೇ ಕುಂಕುಮ ಅಳಿಸಿಕೊಂಡಿದ್ದ ಪಕ್ಕದ ಓಣಿಯ ಶೆಟ್ಟೆವ್ವ ಕೂಡ ಬರುತ್ತೇನೆಂದಿದ್ದಳಂತೆ.

"ಇನ್ನ ಯಾರೂ ಬರಂಗಿಲ್ಲ" ಎಂದು ಫೋನ್ ಮಗುಚಿಟ್ಟರು.

* * *

ಕಮಲಾಬಾಯಿಯವರಿಗೆ ಇಬ್ಬರ ಮೇಲೆ ಸಂಶಯ. ಗೋಡೆಗಾಗಿ ಜಗಳ ತೆಗೆದಿದ್ದ ನೆರೆಮನೆಯ ಜಟ್ಟೆಪ್ಪನ ಬಳಿ ಇದ್ದದ್ದು ಹಳೇ ಬಟನ್ ಫೋನು. ಅವನನ್ನು ಬಿಟ್ಟೆ.

ಇನ್ನೊಬ್ಬ ಸಂಕೇತ. ಊರ ಸುದ್ದಿಯ ಫೇಸ್‌ಬುಕ್ ಪೇಜ್ ನಡೆಸುವ ಆಸಾಮಿ. ಲೈಕ್ ಸಿಗುತ್ತದೆಂದರೆ ಏನನ್ನಾದರೂ ಹಾಕುವವನು. ಯಾವುದೋ ಗ್ರೂಪಿನಿಂದ ಬಂತು, ವಿಚಾರಿಸದೆ ಹಾಕಿದೆ ಎಂದು ಒಪ್ಪಿಕೊಂಡ. ಹಿಂದೊಮ್ಮೆ ತೊಟ್ಟಿಲ ಕಾರ್ಯದ ಸುದ್ದಿಗೆ ತಾನೇ ಹಾಕಿದ್ದ ಕಮಲಾಬಾಯಿಯವರ ಫೋಟೋ ತೋರಿಸಿದ.

ಎರಡನ್ನೂ ಪಕ್ಕಪಕ್ಕ ಹಿಡಿದೆ. ಅದೇ ಸೀರೆ, ಅದೇ ನಗು. ಆದರೆ ಶ್ರದ್ಧಾಂಜಲಿಯಲ್ಲಿ ಹಣೆ ಸಾರಿಸಿದ ನೆಲದಂತೆ ಬೋಳು.

* * *

ಮಧ್ಯಾಹ್ನದ ಹೊತ್ತಿಗೆ ಕಮಲಾಬಾಯಿಯವರ ಮನೆ ಮುಂದೆ ಸೇವಂತಿಗೆ ಮಾಲೆ ಹಿಡಿದ ಜನ. ಬದುಕಿದ್ದವರನ್ನು ಕಂಡು ಮಾಲೆ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು. ಕರೆದ ಹೆಂಗಸರು ದೂರದ ಗೋಡೆಗೆ ಒತ್ತಿಕೊಂಡಿದ್ದರು. ಕಟ್ಟೆಯ ಮೇಲೆ ಮೈದುನ ವೆಂಕಣ್ಣ, ಸುದ್ದಿ ಸುಳ್ಳಾದರೂ ಅಪಶಕುನ ಅಪಶಕುನವೇ, ಕಾರ್ಯಕ್ರಮ ಬೇಡ ಎಂದು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದರು.

ನಾನು ಅವರ ಪಕ್ಕದಲ್ಲೇ ಕುಳಿತೆ.

"ಒಂದ ಬ್ಯಾಸರ ನೋಡ್ರಿ ವೆಂಕಣ್ಣಾರ. ಶ್ರದ್ಧಾಂಜಲಿ ಫೋಟೋದಾಗೂ ಕುಂಕುಮ ಹಂಗ ಬಿಟ್ಟಾರ."

"ಎಲ್ಲಿ ಅದ? ನಾನ ಕೂತು ಅಳಿಸೇನಲ್ಲ..."

ಅಂಗಳದ ಜನರೆಲ್ಲ ಅವರ ಕಡೆ ತಿರುಗಿದರು.

ಎಲ್ಲರಿಗೂ ಕೇಳುವಂತೆ ಬಿಡಿಸಿ ಹೇಳಿದೆ. ಲೈಕಿಗಾಗಿ ಮಾಡುವವನು ಸಿಕ್ಕ ಫೋಟೋ ಹಾಗೇ ಹಾಕುತ್ತಾನೆ. ಸುಳ್ಳು ಸಾವಿನಲ್ಲೂ ವಿಧವೆಯ ಹಣೆ ಬೋಳಿರಬೇಕು ಎನ್ನುವವನೇ ಕೂತು ಒರೆಸುತ್ತಾನೆ. ಕುಂಕುಮ ಹಚ್ಚಿಕೊಂಡವಳು ಇವತ್ತೇ ಸತ್ತಳೆಂದರೆ ಉಳಿದವರು ಹೆದರಿ ಮನೆ ಹಿಡಿಯುತ್ತಾರೆ ಎಂಬುದು ವೆಂಕಣ್ಣನವರ ಲೆಕ್ಕ. ಅವರಿಗೆ ಜೀಪು ಹತ್ತಲು ಹೇಳಿದೆ.

ಕಮಲಾಬಾಯಿ ಕುಂಕುಮದ ಬಟ್ಟಲು ಹಿಡಿದು ಹೊಸ್ತಿಲಿಗೆ ಬಂದರು.

"ಒಂದಿನ ಖರೇನ ಸಾಯತೇನಿ. ಅವತ್ತೂ ಈ ಹಣಿಗೆ ಯಾರೂ ಕೈ ಹಚ್ಚಬ್ಯಾಡ್ರಿ."

 ಶೆಟ್ಟೆವ್ವ ಗೋಡೆ ಬಿಟ್ಟು ಬಂದು ಹಣೆ ಮುಂದೆ ಮಾಡಿದಳು.

"ಹಚ್ರಿ ಅಕ್ಕಾರ."

ನನ್ನ ಹಿಂದೆಯೇ ಬಂದಿದ್ದ ಸಂಕೇತ ಫೋಟೋ ತೆಗೆಯಲು ಫೋನ್ ಎತ್ತಿದ. ನಾನು ಅವನ ಕೈ ಕೆಳಗಿಳಿಸಿದೆ. ಹಣೆಗೆ ಕುಂಕುಮ ಹಚ್ಚಿಸಿಕೊಂಡ ಶೆಟ್ಟೆವ್ವ ಸಾವಿಗೆ ತಂದಿದ್ದ ಮಾಲೆಯೊಂದನ್ನು ಇಸಿದುಕೊಂಡು, ಒಂದು ತುಂಡು ಹರಿದು, ತಲೆಗೆ ಮುಡಿದಳು. ಉಳಿದದ್ದನ್ನು ಹಿಂದೆ ಬಂದ ಹೆಂಗಸಿನ ಕೈಗೆ ಕೊಟ್ಟಳು.