ಮೆಣಸಿನ ಮಂಡಿಯ ಮೇಲಿನ ಕೋಣೆ

"ಸುಬ್ಬಣ್ಣನವ್ರೇ, ಆ ಮೆಟ್ಟಿಲು ಹತ್ಬೇಡಿ!"

ಬೀದಿಯಾಚೆಯಿಂದ ಬಂದ ಗಂಡುದನಿಗೆ, ಮೇಲಿನ ಕಿಟಕಿಯಲ್ಲಿ ನಿಂತಿದ್ದ ಶೈಮಾ ಥಟ್ಟನೆ ಕೆಳಗೆ ನೋಡಿದಳು.

ಕೆಳಗೆ ಬೆಳೆಗಾರ ಸುಬ್ಬಣ್ಣ ಬಗಲಲ್ಲಿ ಫೈಲು ಹಿಡಿದು, ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದರು. ಅವಳ ಮೊದಲ ಗಿರಾಕಿ! ಸಿಎ ಪಾಸು ಮಾಡಿ ಕಳಸಕ್ಕೆ ಮರಳಿ, ಸ್ವಂತ ಆಫೀಸಿನ ಬೋರ್ಡು ಹಾಕಿದ ಮೇಲೆ ಅವಳನ್ನು ಹುಡುಕಿ ಬಂದ ಮೊದಲ ಮನುಷ್ಯ!

ಕೂಗಿದವನು ಜೀಪಿನಿಂದ ಜಿಗಿದು ಬಂದು ಅವರ ಕಿವಿಯಲ್ಲಿ ಏನೋ ಉಸುರಿದ. ಸುಬ್ಬಣ್ಣ ಕೆಳಗಿನ ಮೆಣಸಿನ ಮಂಡಿಯತ್ತ ಓರೆನೋಟ ಬೀರಿದರು.

"ಹೌದಲ್ಲ ಮಾರಾಯ... ನಂಗೆ ಹೊಳೀಲೇ ಇಲ್ಲ ನೋಡು!"

ಬಂದ ದಾರಿಯಲ್ಲೇ ಹೊರಟುಬಿಟ್ಟರು.

ಶೈಮಾ ದುಪಟ್ಟಾ ತಲೆಗೆಳೆದುಕೊಳ್ಳುತ್ತ ದಡದಡನೆ ಇಳಿದಳು.

"ಯಾರ್ರೀ ನೀವು?"

"ತಾಹಾ. ಕುದುರೆಮುಖದ ಲೈನಲ್ಲಿ ಜೀಪು ಓಡಿಸ್ತೀನಿ."

"ನಿಮ್ಮ ಹೆಸರು ಯಾರಿಗೆ ಬೇಕಿತ್ತು?"

"ನೀವೇ ಕೇಳಿದ್ರಲ್ಲ..."

"ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ? ಹುಡುಗಿ ಲೆಕ್ಕ ನೋಡ್ಬಾರ್ದಾ?"

ಅವನ ಕಣ್ಣಲ್ಲಿ ಕುಚೇಷ್ಟೆ ಇರಲಿಲ್ಲ. ಮರುಕವಿತ್ತು. ಅದೇ ಅವಳಿಗೆ ಹೆಚ್ಚು ಉರಿಯಿತು!

"ಅದು ಇಲ್ಲಿ ನಿಂತು ಹೇಳೋ ಮಾತಲ್ಲ," ಎಂದ ತಾಹಾ ಮೆಲ್ಲಗೆ.

"ಹಾಗಾದ್ರೆ ಹೇಳ್ಲೇಬೇಡಿ!"

ಮತ್ತೆ ಅದೇ ಕೋಣೆ. ಕಿಟಕಿಗೆ ಕಬ್ಬಿಣದ ಸರಳು. ಹಲಗೆಯ ಸಂದಿನಿಂದ ಏಳುವ ಮೆಣಸಿನ ಘಾಟು ಗಂಟಲಲ್ಲೇ ಕೂರುತ್ತಿತ್ತು. ಇಳಿಯಲು ಇದ್ದ ಒಂದೇ ದಾರಿ, ಕೆಳಗೆ ಮಂಡಿ ನಡೆಸುತ್ತಿದ್ದ ಚಾಚಾನ ಗಲ್ಲಾದ ಮುಂದೆಯೇ ಹಾಯುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಅವಳನ್ನು ಸಾಕಿ ಓದಿಸಿದವರು ಈ ಚಿಕ್ಕಪ್ಪ, ಚಾಚಾ ಹಬೀಬುರ್ರಹ್ಮಾನ್. ಕೋಣೆಗೆ ಸುಣ್ಣ ಬಳಿಸಿ, ಮೇಜು ಹಾಕಿಸಿ, ಬೀಗದ ಕೈ ಕೊಟ್ಟವರೂ ಅವರೇ. "ನಡೆದ್ರೆ ನಡೀಲಿ ಬೇಟಿ. ಇಲ್ಲಾಂದ್ರೆ ರಂಜಾನ್ ಕಳೆದ್ಮೇಲೆ ಕೆಳಗೆ ಬಂದು ಮಂಡಿಯ ಲೆಕ್ಕ ಬರಿ," ಎಂದಿದ್ದರು ಪ್ರೀತಿಯಿಂದಲೇ.

ಆ ಪ್ರೀತಿಗೆ ಬೇಡ ಎನ್ನುವುದಾದರೂ ಹೇಗೆ...?

ಸಂಜೆ ಚಾಚಾ ತಾವೇ ಚಹಾ ಹಿಡಿದು ಮೇಲೆ ಬಂದರು.

"ಸುಬ್ಬಣ್ಣ ಬಂದು ವಾಪಸ್ ಹೋದ್ರಂತಲ್ಲ? ಛೆ! ಅವರ ಅಟ್ಟದಲ್ಲಿ ಮೆಣಸು ಎಷ್ಟು ಉಂಟು ಅಂತ ನಿನ್ನಿಂದ ತಿಳೀತಿತ್ತು."

ಶೈಮಾಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ನನ್ನಿಂದಾನಾ?"

"ಮತ್ತೆ? ಲೆಕ್ಕ ನೋಡೋಳು ನೀನೇ ತಾನೇ? ಯಾರಿಗೆ ದುಡ್ಡಿನ ಅರ್ಜೆಂಟು, ಯಾರು ಬೆಲೆ ಏರ್ಲಿ ಅಂತ ಮಾಲು ಇಟ್ಕೊಂಡು ಕೂತಿದ್ದಾರೆ... ಒಂದು ಮಾತು ಕೆಳಗೆ ಹೇಳಿದ್ರೆ ಸಾಕು."

ಅವಳಿಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ತಮ್ಮ ಮನೆಯಲ್ಲಿ ಎಷ್ಟು ಮೆಣಸಿದೆಯೆಂದು ಈ ಊರಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ವ್ಯಾಪಾರಿಗಂತೂ ಸಾಯುವವರೆಗೂ ಹೇಳುವುದಿಲ್ಲ. ಅಂಥವರು ತಮ್ಮ ಲೆಕ್ಕವನ್ನು ವ್ಯಾಪಾರಿಯ ತಲೆಯ ಮೇಲಿನ ಕೋಣೆಗೆ ಹೊತ್ತು ತರುತ್ತಾರೆಯೇ? ಅಯ್ಯೋ, ಬೋರ್ಡು ಹಾಕುವಾಗ ನನಗೇಕೆ ಹೊಳೆಯಲಿಲ್ಲ!

ಬೆಳಗಿನ ನಮಾಜಿನ ಬಳಿಕ ಅಪ್ಪನ ತಾಯಿ, ದಾದಿ ರೌಶನ್ ಬೀ, ರಾಗವಾಗಿ ಓದುತ್ತಿದ್ದ ಕುರಾನಿನ ಸೂರಾಗಳು ನೆನಪಾದವು. ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ದಾದಿ ಅರ್ಥ ಬಿಡಿಸುತ್ತಿದ್ದರು. ನಂಬಿ ಕೊಟ್ಟದ್ದು ಅಮಾನತ್ತು, ಮಗಳೇ... ಅದನ್ನು ಕಾಯಬೇಕು.

"ಅದು ಅಮಾನತ್ತು, ಚಾಚಾ. ಯಾರು ಕೇಳಿದ್ರೂ ನಾನು ಹೇಳಲ್ಲ."

"ಮನೆಯವ್ರ ಹತ್ರ ಎಂಥ ಅಮಾನತ್ತು?" ಚಾಚಾ ನಕ್ಕರು. ಅವಳು ನಗಲಿಲ್ಲ. ಅವರ ಮುಖ ಬಾಡಿತು. "ನಾನು ಹೊರಗಿನವನಾದೆ ಅನ್ನು."

ಅವರು ಬೈದಿದ್ದರೂ ತಡೆದುಕೊಳ್ಳಬಹುದಿತ್ತು...

ಮರುದಿನ ಜೀಪ್ ಸ್ಟ್ಯಾಂಡಿನಲ್ಲಿ ತಾಹಾ ಟೈರು ಬಿಚ್ಚುತ್ತಿದ್ದ.

"ನನಗೇ ಹೇಳ್ಬಹುದಿತ್ತಲ್ಲ?" ಎಂದಳು ಶೈಮಾ.

ಅವನು ಗಾಬರಿಯಿಂದ ಎದ್ದು ಕೈಯೊರೆಸಿಕೊಂಡ. "ಸಾಕಿದವರ ಮೇಲೆ ನಿಮಗೆ ಅನುಮಾನ ಹುಟ್ಟಿಸ್ಲಾ? ನನ್ನ ಕೈಲಿ ಆಗ್ಲಿಲ್ಲ. ಸುಬ್ಬಣ್ಣನವ್ರ ಗುಟ್ಟು ಹೊರಬಿದ್ರೆ ಕೆಟ್ಟ ಹೆಸರು ಬರೋದು ನಿಮ್ಗೇ. ಅದೂ ನೋಡಕ್ಕಾಗ್ಲಿಲ್ಲ." ತಡವರಿಸಿದ. "ನಮ್ಮ ಗ್ಯಾರೇಜಿನ ಪಕ್ಕ ಒಂದು ರೂಮುಂಟು. ತಗೊಳ್ಳಿ. ಬಾಡಿಗೆ ಬೇಡ."

"ಬೇಡ ತಾಹಾ. ಬಾಡಿಗೆ ಇಲ್ಲದ ರೂಮಲ್ಲಿ ಉಸಿರು ಕಟ್ಟುತ್ತೆ ನನಗೆ."

ಅವನ ಮುಖ ಸಪ್ಪಗಾಯಿತು. ನೋಯಿಸಿಬಿಟ್ಟೆನಾ...?

"ಬೆಳೆಗಾರರ ಲೆಕ್ಕ ಅವರ ಮನೆ ಬಿಟ್ಟು ಬರೋದೇ ಬೇಡ," ಎಂದಳು ಅವಸರದಲ್ಲಿ. ಆ ಯೋಚನೆ ಬಾಯಿಗೆ ಬಂದಾಗಲೇ ಅವಳಿಗೂ ತಿಳಿದದ್ದು! "ನಾನೇ ಅವರ ಜಗಲಿಗೆ ಹೋಗ್ತೀನಿ. ಅಲ್ಲೇ ಕೂತು ಬರೆದು, ಅಲ್ಲೇ ಬಿಟ್ಟು ಬರ್ತೀನಿ."

ಆ ರಾತ್ರಿ ಊಟಕ್ಕೆ ಕುಳಿತಾಗ ಅವಳು ಬೀಗದ ಕೈಯನ್ನು ಚಾಚಾನ ಮುಂದಿಟ್ಟು, ಬೆಳೆಗಾರರ ಜಗಲಿಗೇ ಹೋಗಿ ಲೆಕ್ಕ ಬರೆಯುವ ವಿಷಯ ಹೇಳಿದಳು.

"ಮನೆಮನೆ ಅಲೀತೀಯಾ? ಜನ ನನ್ನ ಮುಖಕ್ಕೆ ಏನಂತಾರೆ?"

"ನಿಮ್ಮನ್ನ ಬಿಟ್ಟು ಹೋಗ್ತಿಲ್ಲ ಚಾಚಾ. ಕೋಣೆ ಮಾತ್ರ ಬೇಡ."

ಚಾಚಾ ತಟ್ಟೆ ಸರಿಸಿ ಎದ್ದರು. ಆ ವಾರವಿಡೀ ಅವಳೊಡನೆ ಮಾತಿಲ್ಲ. ಒಂದೇ ಸೂರಿನಡಿ, ಆ ಮೌನದಲ್ಲಿ ಅವಳು ದಿನಕ್ಕಿಷ್ಟು ಕುಗ್ಗಿದಳು. ಕೋಣೆ ಬಿಟ್ಟರೂ ಬಾಗಿಲು ತೆರೆಯಲಿಲ್ಲವೇ, ಯಾ ಅಲ್ಲಾಹ್...?

ಸೋಮವಾರ ಉಳಿದವರ ಹಾಗೆಯೇ ಚಾರ್ಜು ಕೊಟ್ಟು ತಾಹಾನ ಜೀಪು ಹತ್ತಿ, ಸುಬ್ಬಣ್ಣನವರ ಜಗಲಿಯ ಮುಂದೆ ಇಳಿದಳು.

"ಚಾಚಾ ಕೇಳಿದ್ರೆ ಎಂಥ ಮಾಡ್ತೀಯಮ್ಮ?" ಎಂದರು ಅವರು ನೇರವಾಗಿ.

"ಕೇಳಿದ್ರೂ ಹೇಳಲ್ಲ ಅಂದೆ. ಅದಕ್ಕೇ ನನ್ನ ಹತ್ರ ಮಾತು ಬಿಟ್ಟಿದ್ದಾರೆ."

ಸುಬ್ಬಣ್ಣ ಒಳಗೆ ಹೋಗಿ ಫೈಲು ತಂದರು. "ಕೂತ್ಕೋ. ಕಾಫಿ ಮಾಡಿಸ್ತೀನಿ. ಆಚೆ ತೋಟದ ಪ್ರೇಮಕುಮಾರಿಯವ್ರಿಗೂ ಹೇಳ್ತೀನಿ, ಅವ್ರದ್ದೂ ಗೋಜಲೇ."

ಹಿಂದಿರುಗುವಾಗ ಜೀಪಿನಲ್ಲಿ ಬೇರೆ ಯಾರೂ ಇರಲಿಲ್ಲ. ಭದ್ರೆಯ ಸೇತುವೆ ದಾಟಿದ ಮೇಲೆ ತಾಹಾ ಗಾಡಿಯ ವೇಗ ತಗ್ಗಿಸಿದ.

"ಒಂದು ಕೇಳ್ಲಾ? ಬೈಬೇಡಿ... ಮದುವೆ ಮಾತಿಗೆ ಚಾಚಾನ ಹತ್ರ ನಮ್ಮ ಅಮ್ಮೀನ ಕಳಿಸ್ಲಾ?"

ಅವಳ ಕಿವಿ ಬಿಸಿಯಾಯಿತು. ಬೇಕು ಎಂದು ಮನಸ್ಸು ಕೂಗುತ್ತಿತ್ತು! ಆದರೆ...

"ಈಗ ಬೇಡ. ಈಗ ಬಂದ್ರೆ ನಿಮಗೋಸ್ಕರವೇ ಕೋಣೆ ಬಿಟ್ಟೆ ಅಂತಾರೆ. ಚಾಚಾ ಮೊದಲು ನನ್ನ ಹತ್ರ ಮಾತಾಡ್ಲಿ."

"ಆಗ್ಲಿ. ಕಾಯ್ತೀನಿ."

"ಎಲ್ಲಿವರೆಗೂ ಅಂತ ಕೇಳೋದಿಲ್ವಾ?"

"ಬೆಲೆ ಬರ್ಲಿ ಅಂತ ವರ್ಷಗಟ್ಲೆ ಮೆಣಸು ಇಟ್ಕೊಂಡು ಕೂರೋ ಊರು ಇದು. ಕಾಯೋದು ಕಲಿಸ್ಬೇಕಾ?"

"ನಾನು ಮೆಣಸಾ?"

"ಖಾರವಂತೂ ಹೌದು!"

ಎಷ್ಟೋ ದಿನಗಳ ಮೇಲೆ ಶೈಮಾ ಬಾಯಿತುಂಬ ನಕ್ಕಳು. ನಗುತ್ತಲೇ ಕಣ್ಣು ತುಂಬಿ ಬಂತು.

"ತಾಹಾ..."

"ಹೂಂ?"

"ನಾನೂ ಕಾಯ್ತಿದ್ದೀನಿ. ನೀವೊಬ್ರೇ ಅಂದ್ಕೋಬೇಡಿ."